ಉಗುರಿನ ಹಡಗು ಕಟ್ಟುವವನು

ಮೂರನೆಯ ಏಟಿಗೆ ಹಲಗೆ ಸೀಳಿತು. ಸೀಳು ಮೊಳೆಯ ಬುಡದಿಂದ ಹೊರಟು, ತನಗೇನೂ ಅವಸರವಿಲ್ಲ ಎಂಬಂತೆ ಮರದ ಎಳೆ ಹಿಡಿದು ದೋಣಿಯ ಮೂತಿಯವರೆಗೆ ಸಾಗಿ ನಿಂತಿತು. ಅಲ್ಡೀಸ್ ಸುತ್ತಿಗೆಯನ್ನು ಎಸೆಯಲಿಲ್ಲ. ಹತಾರ ಎಸೆಯುವವರನ್ನು ಕಂಡರೆ ಅಪ್ಪನಿಗೆ ಆಗುವುದಿಲ್ಲ. ಮೆಲ್ಲಗೆ ಬೆಂಚಿನ ಮೇಲಿಟ್ಟು, ಅವನ ಮುಖ ನೋಡದೆ ಕೈ ಒರೆಸಿಕೊಂಡಳು.

"ಎರಡಾಯ್ತು," ಎಂದ ಬಾರ್ಡುರ್.

"ಎಣಿಸೋಕೆ ನಂಗೂ ಬರತ್ತೆ ಅಪ್ಪ."

"ಏಟು ಜೋರಾಯ್ತು."

"ಹೋದ ಸಲ ಮೆತ್ತಗಾಯ್ತು ಅಂದೆ."

"ಹೋದ ಸಲ ಮೆತ್ತಗೇ ಆಗಿತ್ತು."

"ಹಂಗಾದ್ರೆ ಎಷ್ಟು ಹೊಡೀಬೇಕು, ನೀನೇ ಹೇಳು."

ಬಾರ್ಡುರ್ ತೋರಿಸಲೆಂದು ಬಲಗೈ ಎತ್ತಿದ. ಕೈ ಗಾಳಿಗೆ ಸಿಕ್ಕ ಬಟ್ಟೆಯ ಹಾಗೆ ಅದುರಿತು. ಅದನ್ನು ಮತ್ತೆ ಜೇಬಿಗೆ ತುರುಕಿಕೊಂಡು, "ಕೈಗೆ ಗೊತ್ತು. ಬಾಯಿಗೆ ಗೊತ್ತಿಲ್ಲ," ಎಂದ.

ಇನ್ನುಳಿದದ್ದು ಒಂದೇ ಹಲಗೆ. ಹಲಗೆಗಳೆಲ್ಲ ಒಂದೇ ದಿಮ್ಮಿಯವು. ಸಮುದ್ರ ಎಲ್ಲಿಂದಲೋ ಹೊತ್ತು ತಂದು ದಡಕ್ಕೆ ಹಾಕಿದ್ದ ಅದನ್ನು ಮೊದಲು ಕಂಡದ್ದು ಅಲ್ಡೀಸಳ ತಾಯಿ ರನ್ವೇಗ್. ಕಂಡ ವರ್ಷವೇ ಅವಳು ತೀರಿಕೊಂಡಳು. ಬಾರ್ಡುರ್ ಆ ದಿಮ್ಮಿಯನ್ನು ಕೊಯ್ದು ಈ ದೋಣಿಗೆ ಕೈಹಾಕಿದ, ಅರ್ಧಕ್ಕೆ ಬರುವಷ್ಟರಲ್ಲಿ ಕೈನಡುಕ ಹಿಡಿಯಿತು. ಮುಂದಿನ ಸರದಿ ಕಾಲಿನದು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಈ ಬೇಸಿಗೆಯೊಳಗೆ ದೋಣಿ ನೀರಿಗಿಳಿದರೆ ಅವನು ತಾನೇ ನಡೆದು ಬಂದು ಅದರಲ್ಲಿ ಕೂತಾನು. ಇಲ್ಲದಿದ್ದರೆ ಇಲ್ಲ.

ದೋಣಿ ಕಟ್ಟುವುದು ಅಲ್ಡೀಸಳಿಗೆ ಹೊಸದಲ್ಲ. ಏಳು ವರ್ಷದವಳಿದ್ದಾಗಿನಿಂದ ಅವಳ ಜಾಗ ದೋಣಿಯ ಒಳಗೆ. ಅಪ್ಪ ಹೊರಗಿನಿಂದ ಮೊಳೆ ಹೊಡೆಯುವಾಗ, ತುದಿ ಹೊರಬೀಳುವಲ್ಲಿ ಅವಳು ಕಬ್ಬಿಣದ ಗಟ್ಟಿಯೊಂದನ್ನು ಒತ್ತಿ ಹಿಡಿಯಬೇಕು. ಆಗ ಮೊಳೆಯ ತುದಿ ಮಡಚಿಕೊಂಡು ಮರಳಿ ಮರಕ್ಕೇ ಕಚ್ಚುತ್ತದೆ. ಈ ಕೊಲ್ಲಿಯ ದೋಣಿಗಳ ಒಳಮೈಯೆಲ್ಲ ಅವಳಿಗೆ ಬಾಯಿಪಾಠ. ಆದರೆ ಅಪ್ಪ ಹೇಗೆ ಹೊಡೆಯುತ್ತಾನೆ ಎಂಬುದನ್ನು ಅವಳು ಕಣ್ಣಾರೆ ಕಂಡವಳೇ ಅಲ್ಲ. ಅವನಿಗೂ ಅವಳಿಗೂ ನಡುವೆ ಯಾವಾಗಲೂ ಒಂದು ಹಲಗೆ ಇರುತ್ತಿತ್ತು.

ಈಗ ಸುತ್ತಿಗೆ ಅವಳ ಕೈಗೆ ಬಂದಿದೆ. ಒಳಗೆ ಕಬ್ಬಿಣ ಹಿಡಿಯಲು ಬಾರ್ಡುರ್ ತಾನೇ ಮುಂದೆ ಬಂದಿದ್ದ. "ಬೇಡ, ನಿನ್ನ ಕೈ ಜಾರಿದ್ರೆ ಬೆರಳು ಜಜ್ಜಿಹೋಗತ್ತೆ," ಎಂದು ಅವಳು ಕಬ್ಬಿಣಕ್ಕೆ ಆಸರೆಯಾಗಿ ಒಂದು ಮರದ ಊರೆ ಕೊಟ್ಟು ನಿಲ್ಲಿಸಿದ್ದಳು. ಅವನು ಹಿಂದೆ ಸರಿದು ಬೆಂಚಿಗೆ ಒರಗಿದ್ದ. ಜಗಳವಾಡಿದ್ದರೇ ಚೆನ್ನಾಗಿತ್ತು ಎಂದು ಅವಳಿಗೆ ಆಮೇಲೆ ಅನ್ನಿಸಿತ್ತು.

ಸೀಳಿದ ಹಲಗೆಯನ್ನು ಬಿಚ್ಚಿ ಗೋಡೆಗೆ ಒರಗಿಸುವ ಹೊತ್ತಿಗೆ ಹೊರಗೆ ಕಾರು ನಿಂತ ಸದ್ದಾಯಿತು. ಅಕುರೇರಿ ಪಟ್ಟಣದಿಂದ ಓರ್ರಿ ಬಂದಿದ್ದ, ಕಂಕುಳಲ್ಲಿ ಒಂದು ಪೆಟ್ಟಿಗೆ ಇಟ್ಟುಕೊಂಡು.

ಓರ್ರಿಯದು ಕಂಪ್ಯೂಟರ್ ಆಟಗಳಲ್ಲಿ ಗೊಂಬೆಗಳನ್ನು ಕುಣಿಸುವ ಕೆಲಸ. ಎರಡು ವರ್ಷದ ಹಿಂದೆ ಮೊದಲ ಸಲ ಬಂದವನು ಇವರ ಅಡುಗೆಮನೆಯಲ್ಲಿ ಕೂತು ತನ್ನ ಆಟದ ಖಳನ ಕತೆ ಹೇಳಿದ್ದ. ನಗ್ಲಾರ್ ಎಂಬ ದೈತ್ಯ, ಸತ್ತವರ ಕತ್ತರಿಸದ ಉಗುರುಗಳನ್ನು ಕೂಡಿಸಿ ಹಡಗು ಕಟ್ಟುತ್ತಾನೆ. ಹಡಗು ಮುಗಿದ ದಿನ ಲೋಕವೂ ಮುಗಿಯುತ್ತದೆ. ಆ ದೈತ್ಯನನ್ನು ಕುಣಿಸಲು ನಿಜವಾಗಿ ದೋಣಿ ಕಟ್ಟುವವನೊಬ್ಬನ ಮೈಕೈ ಆಡುವ ರೀತಿ ಬೇಕಿತ್ತು. ಹಡಗಿನ ಮಾತು ಅಜ್ಜಿಯರ ಕಾಲದ್ದು, ಈ ಮನೆಗೆ ಹೊಸದೇನಲ್ಲ. ರನ್ವೇಗ್ ಸತ್ತ ದಿನ ಬಾರ್ಡುರ್ ಅವಳ ಹತ್ತು ಬೆರಳಿನ ಉಗುರನ್ನೂ ತಾನೇ ಕತ್ತರಿಸಿ ಒಲೆಗೆ ಹಾಕಿದ್ದ.

"ಆ ಹಡಗಿಗೆ ಸಾಮಾನು ಸಿಗಬಾರ್ದು ಅಂತ ನಾವು ಉಗುರು ಸುಡ್ತೀವಿ," ಎಂದಿದ್ದ ಬಾರ್ಡುರ್, "ನೀನು ಬಂದು ನನ್ನ ಕೈಲೇ ಅದನ್ನ ಕಟ್ಟಿಸ್ತೀಯಾ?"

"ನೀವು ಬರದಿದ್ರೆ ನಾನೇ ಸುತ್ತಿಗೆ ಹಿಡ್ಕೊಂಡು ಏನೋ ಒಂದು ಮಾಡ್ತೀನಿ," ಎಂದಿದ್ದ ಓರ್ರಿ.

ಬಾರ್ಡುರ್ ಅವನ ಕೈಗಳನ್ನು ಒಮ್ಮೆ ನೋಡಿದ್ದ. "ಬೇಡಪ್ಪ. ಲೋಕ ಮುಳುಗಿಸೋ ಹಡಗಾದ್ರೂ ಸರಿ, ಮೊದ್ಲು ಅದೇ ಮುಳುಗಬಾರ್ದು." ಹಾಗೆಂದು ಅಕುರೇರಿಗೆ ಹೋಗಿ, ಮೈಗಂಟುವ ಕಪ್ಪು ಉಡುಪಿನ ಮೇಲೆ ಬಿಳಿ ಗುಂಡುಗಳನ್ನು ಅಂಟಿಸಿಕೊಂಡು, ಖಾಲಿ ಕೋಣೆಯೊಂದರಲ್ಲಿ ಕ್ಯಾಮೆರಾಗಳ ಮುಂದೆ ಒಂದು ದಿನವಿಡೀ ಸುತ್ತಿಗೆ ಆಡಿಸಿ ಬಂದಿದ್ದ. ಅವನ ಒಂದೊಂದು ಚಲನೆಯೂ ದೈತ್ಯನ ಮೈಗೆ ಇಳಿಯಬೇಕಿತ್ತು. ಆಗಿನ್ನೂ ನಡುಕ ಶುರುವಾಗಿರಲಿಲ್ಲ.

ಆ ಆಟ ಈಗ ತಯಾರಾಗಿತ್ತು. ಓರ್ರಿ ಮನೆಯೊಳಗೆ ಬಂದು ಪೆಟ್ಟಿಗೆಯನ್ನು ಟೀವಿಗೆ ಜೋಡಿಸಿದ. ಅಲ್ಡೀಸ್ ಕಾಫಿ, ಒಣಮೀನು, ಬೆಣ್ಣೆ ತಂದಿಟ್ಟಳು. ಬಾರ್ಡುರನ ಕೈಯಲ್ಲಿ ಗುಂಡಿಗಳಿರುವ ಆಟದ ಹಿಡಿ ನಿಲ್ಲದು, ಹಾಗಾಗಿ ಅದು ಮಗಳ ಪಾಲಿಗೆ ಬಂತು. ಎರಡು ಹಲಗೆ ಹಾಳುಮಾಡಿದ ದಿನ ಇದೊಂದು ಬಾಕಿಯಿತ್ತು ಎಂದು ಮನಸ್ಸಿನಲ್ಲೇ ಗೊಣಗಿಕೊಂಡು ಅವಳು ಕೂತಳು.

ಪರದೆಯ ಮೇಲೆ ಕಪ್ಪು ಮರಳಿನ ದಡ, ಅದರಾಚೆ ಹೆಪ್ಪುಗಟ್ಟಿದ ಕಡಲು. ದಡದ ತುಂಬ ಉಗುರಿನ ರಾಶಿ, ಮಾಸಲು ಹಳದಿ, ಗುಡ್ಡ ಗುಡ್ಡ. ಅದರ ನಡುವೆ ಹಡಗು. ಅದರ ಪಕ್ಕದಲ್ಲಿ, ಅವಳಿಗೆ ಬೆನ್ನು ಮಾಡಿ, ಬಂಡೆಯೆತ್ತರದ ನಗ್ಲಾರ್ ಬಗ್ಗಿ ನಿಂತಿದ್ದ. ಅವನು ಒಂದು ಮೊಳೆಯನ್ನು ತುಟಿಗಳ ನಡುವೆ ಕಚ್ಚಿದ. ಸುತ್ತಿಗೆಯ ಮುಖವನ್ನು ತೊಡೆಗೆ ಒಮ್ಮೆ ಒರೆಸಿದ.

ಅಲ್ಡೀಸ್ ಪರದೆಯತ್ತ ಬಾಗಿದಳು. ಮುಖ ಅಪ್ಪನದಲ್ಲ. ಆ ಗಡ್ಡ, ಆ ಮಂಜು ಕವಿದ ಕಣ್ಣು ಯಾವ ಮನುಷ್ಯನದೂ ಅಲ್ಲ. ಆದರೆ ಎಡಹೆಗಲನ್ನು ತುಸು ತಗ್ಗಿಸಿದ ಆ ಬೆನ್ನು, ಕೆಲಸದ ಮೇಲೆ ಒರಗುವ ಆ ರೀತಿ, ಅದು ಅಪ್ಪನದೇ. ಗುಡ್ಡದಷ್ಟು ದೊಡ್ಡವನಾಗಿ, ನಡುಕವೇ ಇಲ್ಲದೆ, ಅಪ್ಪ ಅಲ್ಲಿ ಕೆಲಸ ಮಾಡುತ್ತಿದ್ದ. ಅವಳಿಗೆ ಎದ್ದು ನಿಲ್ಲಬೇಕೆನಿಸಿತು.

ಅವನ ಕೈಗಳನ್ನು ನೋಡಲು ಆಟದೊಳಗೆ ಹತ್ತಿರ ಹೋದಳು. ನಗ್ಲಾರ್ ಸರ್ರನೆ ತಿರುಗಿ ಒಂದೇ ಏಟಿಗೆ ಅವಳನ್ನು ಮುಗಿಸಿದ.

"ಅವನನ್ನ ಕಂಡ ತಕ್ಷಣ ಓಡ್ಬೇಕು ಅಲ್ಡೀಸ್," ಎಂದ ಓರ್ರಿ.

"ನಾನು ನೋಡ್ತಿದ್ದೀನಿ."

"ನೋಡ್ತಾ ನಿಂತ್ರೆ ಸಾಯ್ತೀರಿ."

"ಸತ್ರೆ ಮತ್ತೆ ಬರ್ತೀನಲ್ಲ."

"ಕೆಲಸದ ನಡುವೆ ಅಡ್ಡ ಹೋದ್ರೆ ಹೊಡೀದೆ ಮುದ್ದು ಮಾಡ್ತಾನಾ," ಎಂದು ಬಾರ್ಡುರ್ ಕುಲುಕುಲು ನಕ್ಕ. ಕಪ್ಪಿನಿಂದ ಕಾಫಿ ಚೆಲ್ಲಿತು.

ಅವಳು ಮತ್ತೆ ಮತ್ತೆ ಸತ್ತಳು. ಪ್ರತಿ ಸಾವಿಗೆ ಮೊದಲು ಒಂದಿಷ್ಟು ಕಂಡಳು. ಮೊದಲು ಒಂದು ಹಗುರ ಏಟು, ಮೊಳೆ ನಿಲ್ಲುವಷ್ಟು. ಆಮೇಲೆ ಅವನು ತಟ್ಟನೆ ಕೈ ತಡೆದು, ತಲೆ ಓರೆ ಮಾಡಿ, ಹಡಗಿನ ಮೈಗೆ ಕಿವಿಗೊಟ್ಟು ಸುಮ್ಮನೆ ನಿಲ್ಲುತ್ತಾನೆ. ಕಾಯುತ್ತಾನೆ. ಏನೂ ಕೇಳಿಸುವುದಿಲ್ಲ. ಆ ದೊಡ್ಡ ಹೆಗಲು ಸ್ವಲ್ಪ ಇಳಿಯುತ್ತದೆ. ಬಳಿಕ ಬಲವಾದ ಏಟು.

"ಆಡಿ ನೋಡಿದವರೆಲ್ಲ ಹೆದರೋದು ಇಲ್ಲೇ," ಎಂದ ಓರ್ರಿ. ಅವನ ದನಿಯೂ ತಗ್ಗಿತ್ತು. "ಅವನು ಯಾರ ಮಾತಿಗೆ ಕಾಯ್ತಾನೆ ಅಂತ ಯಾರಿಗೂ ಗೊತ್ತಾಗಲ್ಲ. ಸತ್ತವರು ಒಳಗಿಂದ ಮಾತಾಡ್ತಾರೆ ಅಂತ ಕೆಲವರು ಅಂತಾರೆ. ಅದು ನಾವು ಸೇರಿಸಿದ್ದಲ್ಲ. ಬಾರ್ಡುರ್ ಅವತ್ತು ಮಾಡಿದ್ದನ್ನ ಹಾಗೇ ಉಳಿಸ್ಕೊಂಡ್ವಿ."

"ನಾನೆಲ್ಲಿ ಮಾಡಿದೆ ಹಂಗೆ?" ಎಂದ ಬಾರ್ಡುರ್.

"ಪ್ರತಿ ಮೊಳೆಗೂ ಮಾಡಿದ್ರಿ."

ಬಾರ್ಡುರ್ ಪರದೆಯನ್ನೇ ನೋಡುತ್ತ ಕೂತ. ನಗು ಮಾಯವಾಗಿತ್ತು. ತನ್ನ ಬೆನ್ನನ್ನು ತಾನೇ ನೋಡುವ ಭಾಗ್ಯ ಯಾರಿಗುಂಟು?

ಅಲ್ಡೀಸ್ ಹಿಡಿಯನ್ನು ಮಡಿಲಲ್ಲಿಟ್ಟಳು. ಅವನು ಯಾರಿಗೆ ಕಾಯುತ್ತಿದ್ದಾನೆ ಎಂಬುದು ಅವಳಿಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಅಪ್ಪ ಹೇಳಿಕೊಟ್ಟಿದ್ದ, ಕಬ್ಬಿಣ ಸರಿಯಾಗಿ ಕೂತ ಮೇಲೆ ಅದರಿಂದಲೇ ಒಂದು ಸಲ ತಟ್ಟು, ಅಲ್ಲಿದ್ದೀ ಅಂತ ನಂಗೆ ತಿಳೀಲಿ ಎಂದು. ಒಳಗಿನ ಕತ್ತಲಲ್ಲಿ ಮಗುವಿಗೆ ಬೇಜಾರಾಗದಿರಲೆಂದು ಕೊಟ್ಟ ಆಟ ಅದು ಎಂದುಕೊಂಡಿದ್ದಳು. ನಲವತ್ತು ವರ್ಷ ಹಾಗೇ ತಟ್ಟಿದ್ದಳು. ಆ ತಟ್ಟಿಗೆ ಹೊರಗೊಬ್ಬ ಉಸಿರು ಬಿಗಿಹಿಡಿದು ಕಾಯುತ್ತಿದ್ದ, ಅದರ ಸದ್ದು ಗಟ್ಟಿಯೋ ಪೊಳ್ಳೋ ಎಂದು ಕೇಳಿ ಏಟಿನ ತೂಕ ಗೊತ್ತುಮಾಡುತ್ತಿದ್ದ ಎಂದು ಅವಳಿಗೆ ತಿಳಿದದ್ದು ಈಗ. ಅಕುರೇರಿಯ ಆ ಖಾಲಿ ಕೋಣೆಯಲ್ಲಿ ದೋಣಿಯೂ ಇರಲಿಲ್ಲ, ಒಳಗೆ ಅವಳೂ ಇರಲಿಲ್ಲ. ಅವನು ಆದರೂ ಕಾದಿದ್ದ.

"ಇದನ್ನ ಯಾಕೆ ಹೇಳ್ಲಿಲ್ಲ ನೀನು?" ಎಂದಳು.

"ಹೇಳೋಕೆ ನಂಗೆ ಗೊತ್ತಿದ್ರೆ ತಾನೇ," ಎಂದ ಬಾರ್ಡುರ್.

ಓರ್ರಿ ಹೊರಟ ಮೇಲೂ ಬಿಸಿಲು ಇನ್ನೂ ಕೊಲ್ಲಿಯ ಮೇಲಿತ್ತು. ಅಲ್ಡೀಸ್ ಕೊನೆಯ ಹಲಗೆಯನ್ನು ಹಬೆಯಲ್ಲಿ ಮೆದುಮಾಡಿ, ಬಾಗಿಸಿ, ಅಂಚಿಗೆ ಕೂರಿಸಿ ಬಿಗಿದಳು. ಆಮೇಲೆ ದೋಣಿಯೊಳಗೆ ಬಗ್ಗಿ, ಮರದ ಊರೆಯನ್ನು ಕಿತ್ತು ಹೊರಗೆಸೆದಳು.

"ಒಳಗೆ ಬಾ ಅಪ್ಪ."

"ಬೆರಳು ಜಜ್ಜಿಹೋಗತ್ತೆ ಅಂದೆ."

"ಹೋದ್ರೆ ಕಟ್ಟು ಹಾಕ್ತೀನಿ. ಬಾ."

ಅವನು ಅಂಚು ಹಿಡಿದು, ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಎತ್ತಿಟ್ಟು ಇಳಿದ. ನಲವತ್ತು ವರ್ಷ ಅವಳು ಕೂತ ಜಾಗದಲ್ಲಿ ಮೊಣಕಾಲೂರಿದ. ಅವನ ಬಿಳಿತಲೆ ಹಲಗೆಯ ಮರೆಗೆ ಸರಿಯಿತು.

ಅಲ್ಡೀಸ್ ಮೊಳೆಯೊಂದನ್ನು ತುಟಿಗಳ ನಡುವೆ ಕಚ್ಚಿದಳು. ಸುತ್ತಿಗೆಯನ್ನು ತೊಡೆಗೆ ಒರೆಸಿದಳು. ಮೊಳೆಯಿಟ್ಟು ಒಂದು ಹಗುರ ಏಟು ಹಾಕಿ, ಕೈ ತಡೆದು, ಮರಕ್ಕೆ ಕಿವಿಗೊಟ್ಟಳು. ಹಲಗೆ ಇನ್ನೂ ಬೆಚ್ಚಗಿತ್ತು. ಹೊರಗೆ ಕಡಲಹಕ್ಕಿಗಳು ಕೂಗುತ್ತಿದ್ದವು. ಒಳಗಿನಿಂದ ಏನೂ ಬರಲಿಲ್ಲ. ಅವಳು ಕಾದಳು.

ಆಮೇಲೆ ಬಂತು. ಒಂದು ತಟ್ಟಲ್ಲ, ನಡುಗುವ ಕೈಯಿಂದ ಒಂದರ ಹಿಂದೊಂದು ಉದುರಿದ ಸಣ್ಣ ಸಣ್ಣ ತಟ್ಟುಗಳು. ಕೊನೆಗೆ ಕಬ್ಬಿಣ ಮರಕ್ಕೆ ಒತ್ತಿಕೊಂಡು ನಿಂತಿತು. ಸದ್ದು ಗಟ್ಟಿಯಾಗಿತ್ತು. ಅಲ್ಡೀಸ್ ಸುತ್ತಿಗೆ ಎತ್ತಿದಳು.