ಫರಹತಳ ಕಿಡ್ನಿ

ಲಕಮನಹಳ್ಳಿಯಲ್ಲಿ ಮೋಟಾರು ವೈಂಡಿಂಗ್ ಮಾಡುವ ಮುಕ್ತಾರನಿಗೆ ಹೆಂಡತಿ ಫರಹತ ತನ್ನದೊಂದು ಕಿಡ್ನಿ ಕೊಟ್ಟು ಎರಡು ವರ್ಷ ಕಳೆದಿತ್ತು. ಈಗ ಅವನ ಕಾಲು ಮತ್ತೆ ಬಾತವು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಸೂಜಿ ಹಾಕಿ ಕಿಡ್ನಿಯ ಚೂರು ತೆಗೆದು ಪರೀಕ್ಷಿಸಿದರು. ಮರುದಿನ ಡಾಕ್ಟರ್ ಮಂದಾಕಿನಿ ಫರಹತಳನ್ನು ಒಳಗೆ ಕರೆದು, ಮುಕ್ತಾರನ ದೇಹ ಆ ಕಿಡ್ನಿಯನ್ನು ಒಲ್ಲೆನ್ನುತ್ತಿದೆ ಎಂದರು.

ಬೆಳಗಿನಿಂದ ಬೆಂಚಿನ ಮೇಲೆ ಕೂತಿದ್ದ ಫರಹತಳಿಗೆ ಅಳುವಷ್ಟೂ ತ್ರಾಣವಿರಲಿಲ್ಲ.

"ನಾ ಕೊಟ್ಟದ್ದು ಅಂತ ಅದಕ್ಕ ತಿಳಿಯೂದಿಲ್ಲೇನ್ರಿ, ಮೇಡಂ?"

ಮಂದಾಕಿನಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಮೈ ಕಾಯುವ ಕೆಲವು ಜೀವಕೋಶಗಳು ಸಿಕ್ಕ ಪ್ರೋಟೀನನ್ನು ನುಂಗಿ, ಒಳಗೇ ಚೂರು ಮಾಡಿ, ಆ ಚೂರುಗಳನ್ನು ತಮ್ಮ ಮೈಮೇಲೆ ಎತ್ತಿ ಹಿಡಿಯುತ್ತವೆ ಎಂದು ಹೇಳಿದರು. ಹಾಗೇ ದುಗ್ಧಗ್ರಂಥಿಗಳೆಂಬ ಸಣ್ಣ ಗಂಟುಗಳಿಗೆ ಹೋಗಿ, ಅಲ್ಲಿ ಕಾವಲಿರುವ ಟಿ ಕೋಶಗಳಿಗೆ ತೋರಿಸುತ್ತವೆ. ತಮ್ಮದೇ ಚೂರು ಕಂಡರೆ ಟಿ ಕೋಶಗಳು ಸುಮ್ಮನಿರುತ್ತವೆ. ಬೇರೆಯವರದು ಅನ್ನಿಸಿದರೆ, ತಮ್ಮಂಥವನ್ನೇ ಸಾವಿರಾರು ಹುಟ್ಟಿಸಿಕೊಂಡು ಆ ಕಿಡ್ನಿಯ ಮೇಲೇರಿ ಹೋಗುತ್ತವೆ.

"ಅವಕ್ಕ ಹೆಂಡ್ತಿ ಗೊತ್ತಿಲ್ರೀ, ಆ ಚೂರಷ್ಟ ಗೊತ್ತು. ತೋರಸೂದನ್ನ ಪೂರಾ ನಿಲ್ಲಸಾಕ ಬರೂದಿಲ್ಲ. ನೋಡಿದ ಮ್ಯಾಲೂ ಟಿ ಕೋಶ ಏಳಬಾರದು ಅಂತ ಗುಳಿಗಿ ಕೊಡ್ತೀವಿ. ಇವರ ರಕ್ತದಾಗ ಆ ಔಷಧ ಭಾಳ ಕಡಿಮಿ ಅದ. ಖರೇ ತೊಗೊಳ್ಳಾಕತ್ತಾರೇನು, ಕೇಳ್ರಿ."

ವಾರ್ಡಿಗೆ ಬಂದು ಫರಹತ ಕೇಳಿದಳು. ಮುಕ್ತಾರ ಇಲ್ಲವೆನ್ನಲಿಲ್ಲ. ಗುಳಿಗೆಯಿಂದ ಕೈ ನಡುಗುತ್ತಿತ್ತು, ಸಣ್ಣ ತಂತಿ ಸುತ್ತುವಾಗ ಪದೇ ಪದೇ ಹರಿಯುತ್ತಿತ್ತು. ಬೇಸತ್ತು ಬೆಳಗಿನ ಗುಳಿಗೆ ಬಿಟ್ಟಿದ್ದ. ಇಡೀ ಪೇಟೆಯೇ ಹೊಗಳಿದ ಕೈ ಅದು. ಅದೇ ಹೋದರೆ ತನ್ನಲ್ಲಿ ಇನ್ನೇನು ಉಳಿಯಿತು ಎಂದು ಗೋಡೆ ಕಡೆ ಮುಖ ಮಾಡಿದ.

ಕೊಡಲು ತನ್ನ ಹತ್ತಿರ ಇನ್ನೊಂದಿಲ್ಲ ಎಂದಷ್ಟೇ ಹೇಳಿ ಅವಳು ಅವನ ಕಾಲಬಳಿ ಕೂತಳು.

ಆಮೇಲೆ ಕೆಲವು ದಿನ ಸಲೈನಿನಲ್ಲಿ ಔಷಧ ಹರಿಯಿತು. ಬಾವು ಇಳಿಯಿತು. ಕಿಡ್ನಿ ಉಳಿಯಿತಾದರೂ ಮೊದಲಿನ ಶಕ್ತಿ ಬರಲಿಲ್ಲ. ಮಂದಾಕಿನಿ ಬೇರೆ ಗುಳಿಗೆ ಬರೆದುಕೊಟ್ಟರು. ನಡುಕ ಕಡಿಮೆಯಾಯಿತು, ನಿಲ್ಲಲಿಲ್ಲ.

ಈಗ ಮುಕ್ತಾರ ದಪ್ಪ ತಂತಿಯ ದೊಡ್ಡ ಮೋಟಾರುಗಳನ್ನಷ್ಟೇ ಸುತ್ತುತ್ತಾನೆ. ಸಣ್ಣವು ಬಂದರೆ ಪಕ್ಕದ ಶಾಬುದ್ದೀನನ ಅಂಗಡಿಗೆ ಕಳಿಸುತ್ತಾನೆ. ಹಾಗೆ ಕಳಿಸಿದ ದಿನ ಅವನಿಗೆ ಊಟ ಸೇರುವುದಿಲ್ಲ. ಫರಹತ ಎರಡು ಹೊತ್ತೂ ಎದುರು ನಿಂತು ಗುಳಿಗೆ ನುಂಗಿಸುತ್ತಾಳೆ. ಅವನಿಗೂ ಸಾಕಾಗಿದೆ, ಅವಳಿಗೂ ಸಾಕಾಗಿದೆ. ಆದರೂ ಒಂದು ಹೊತ್ತೂ ತಪ್ಪಿಲ್ಲ.