ಬಿಡ್ತು ಅನ್ನು

ನಮ್ಮ ಮನೆಯಲ್ಲಿ ಸಾವಿನ ಮಾತು ಆಡುವಂತಿಲ್ಲ. ಬಾಯಿ ತಪ್ಪಿ ಯಾರಾದರೂ ‘ನಾನು ಸತ್ತರೆ’ ಅಂದರೆ ಸಾಕು, ಅಮ್ಮ ಎಲ್ಲಿದ್ದರೂ ಅಲ್ಲಿಂದಲೇ ‘ಬಿಡ್ತು ಅನ್ನು’ ಎಂದು ಕೂಗುತ್ತಾಳೆ. ಅಂದವರು ಕೂಡಲೇ ‘ಬಿಡ್ತು’ ಎನ್ನಬೇಕು. ಅಲ್ಲಿಗೆ ಆಡಿದ ಮಾತು ಆಡದಂತಾಯಿತು, ಅಸ್ತು ದೇವತೆಗಳಿಗೆ ಕೇಳಿಸಲಿಲ್ಲ ಎಂದು ಲೆಕ್ಕ. ಚಿಕ್ಕವಳಿದ್ದಾಗ ನನಗೆ ಇದು ತಮಾಷೆಯಾಗಿತ್ತು. ಈಗ ಆ ಶಬ್ದ ಕಿವಿಗೆ ಬಿದ್ದರೆ ವಾಕರಿಕೆ ಬರುತ್ತದೆ.

ಐದು ವರ್ಷದ ಹಿಂದೆ ನನಗೆ ಸ್ತನ ಕ್ಯಾನ್ಸರ್ ಆಯಿತು. ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿದು, ಇನ್ನು ವರ್ಷಕ್ಕೊಮ್ಮೆ ಬಂದು ತೋರಿಸಿಕೊಂಡು ಹೋದರೆ ಸಾಕು ಎಂದಿದ್ದಾರೆ ಡಾಕ್ಟರು. ಈ ಐದು ವರ್ಷದಲ್ಲಿ ಅಮ್ಮ ಒಂದು ಸಲವೂ ಆ ಕಾಯಿಲೆಯ ಹೆಸರು ಹೇಳಿಲ್ಲ. ‘ನಮ್ಮ ಸುಧಾಗೆ ಮೈ ಹುಷಾರಿರಲಿಲ್ಲವಲ್ಲ, ಆಗ’ ಎನ್ನುತ್ತಾಳೆ, ನನಗೆ ನೆಗಡಿ ಬಂದು ಹೋಗಿತ್ತೇನೋ ಎಂಬಂತೆ. ನನ್ನ ಕೂದಲು ಉದುರಿದಾಗ ತಿರುಪತಿಗೆ ಮುಡಿ ಕೊಟ್ಟು ಬಂದಳು ಎಂದು ನೆಂಟರಿಗೆಲ್ಲ ಹೇಳಿದವಳೂ ಅವಳೇ.

ನಾನು ಜಯನಗರದ ಒಬ್ಬ ಆಡಿಟರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಕತ್ರಿಗುಪ್ಪೆಯಲ್ಲಿ ಸಾಲ ಮಾಡಿ ಕೊಂಡ ಫ್ಲಾಟಿನಲ್ಲಿ ನಾನು, ಅಮ್ಮ, ಎಂಟನೇ ಕ್ಲಾಸಿನ ಮಗಳು ವಿಭಾ, ಮೂವರೇ. ಸಾಲ ತೆಗೆಯುವಾಗ ‘ವಿಮೆ ಎಲ್ಲ ಯಾಕೆ, ನಮಗೇನಾಗುತ್ತೆ’ ಎಂದಿದ್ದ ನನ್ನ ಗಂಡ, ನನಗೆ ಆಗಬಾರದ್ದು ಆದಾಗ ಕೀಮೋ ಮುಗಿಯುವ ತನಕವೂ ಕಾಯಲಿಲ್ಲ. ಈಗ ಪುಟ್ಟೇನಹಳ್ಳಿಯಲ್ಲಿ ಹೊಸ ಸಂಸಾರ ಹೂಡಿದ್ದಾನೆ. ಕಂತು ಕಟ್ಟುವವಳು ನಾನೊಬ್ಬಳೇ. ಸಾಲ ತೀರುವ ಮೊದಲು ನಾನು ಸತ್ತರೆ ಮನೆ ಬ್ಯಾಂಕಿನ ಪಾಲಾಗುತ್ತದೆ, ವಿಭಾ ಅಜ್ಜಿಯನ್ನು ಬಿಟ್ಟು ಆ ಪುಟ್ಟೇನಹಳ್ಳಿಯ ಮನೆಯ ಮೂಲೆಯಲ್ಲಿ ಹೋಗಿ ಬೀಳಬೇಕು. ಅದೊಂದನ್ನು ತಪ್ಪಿಸಬೇಕಿತ್ತು. ಅದಕ್ಕೆ ನನಗೊಂದು ಜೀವವಿಮೆ ಬೇಕಿತ್ತು, ನನ್ನ ಸಂಬಳಕ್ಕೆ ಎಟಕುವಂಥದ್ದು.

ವಿಮೆ ಮಾರುವವರಿಗೇನು ಬರವೇ? ದಿನಾ ಫೋನ್ ಮಾಡುತ್ತಾರೆ. ‘ಮೇಡಂ, ನಿಮ್ಮ ಫ್ಯಾಮಿಲಿ ಫ್ಯೂಚರ್ ಬಗ್ಗೆ ಯೋಚನೆ ಮಾಡಿದೀರಾ?’ ಎಂದು ಜೇನು ಸುರಿಸುತ್ತಾರೆ. ಕ್ಯಾನ್ಸರ್ ಆಗಿತ್ತು ಎಂದ ಕೂಡಲೇ ‘ಓಕೆ ಮೇಡಂ, ಥ್ಯಾಂಕ್ಯೂ ಮೇಡಂ’. ಒಬ್ಬ ಮಹಾಶಯ ‘ಮನೇಲಿ ಬೇರೆ ಯಾರಾದ್ರೂ ಹೆಲ್ದಿಯಾಗಿರೋರು ಇದಾರಾ ಮೇಡಂ?’ ಎಂದು ಕೇಳಿದ. ಕೊಳೆತ ಟೊಮೆಟೊ ಎತ್ತಿ ಪಕ್ಕಕ್ಕಿಟ್ಟು ಇನ್ನೊಂದಕ್ಕೆ ಕೈ ಹಾಕುತ್ತೇವಲ್ಲ, ಹಾಗೆ. ಫೋನಿನಲ್ಲೇ ಅವನ ಮುಖಕ್ಕೆ ಉಗಿಯಬೇಕು ಅನ್ನಿಸಿತು.

ನನ್ನ ಒದ್ದಾಟ ನೋಡಿ ಅಮ್ಮ ತನ್ನ ತಮ್ಮನಿಗೆ ಹೇಳಿ ಕಳಿಸಿದಳು. ಚಕ್ರಪಾಣಿ ಮಾವ ಬ್ಯಾಂಕಿನಿಂದ ರಿಟೈರ್ ಆದ ಮೇಲೆ ಒಂದು ವಿಮಾ ಕಂಪನಿಯ ಏಜೆಂಟ್ ಆಗಿದ್ದಾರೆ. ನಮ್ಮ ನೆಂಟರಿಷ್ಟರಲ್ಲಿ ಅವರಿಂದ ಪಾಲಿಸಿ ತೆಗೆದುಕೊಳ್ಳದೆ ಪಾರಾದವರಿಲ್ಲ. ಮದುವೆಮನೆಯಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಬಂದು ಕೂತರೆಂದರೆ ಪಾಯಸ ಬರುವುದರೊಳಗೆ ಒಬ್ಬರು ಬುಟ್ಟಿಗೆ ಬಿದ್ದಿರುತ್ತಾರೆ.

ಭಾನುವಾರ ಬೆಳಿಗ್ಗೆ ಬಂದರು. ಅಮ್ಮ ಅವರೆಕಾಳು ಉಪ್ಪಿಟ್ಟು ಮಾಡಿದ್ದಳು. ಎರಡು ಸಲ ಹಾಕಿಸಿಕೊಂಡು, ತುಪ್ಪದ ಬೆರಳನ್ನು ನೆಕ್ಕಿ ಅದರಲ್ಲೇ ಫೋನು ಒತ್ತುತ್ತ ನನ್ನ ಅರ್ಜಿ ತುಂಬಿಸತೊಡಗಿದರು. ಹೆಸರು, ಹುಟ್ಟಿದ ದಿನ, ಸಂಬಳ ಕೇಳಿದರು. ಆಮೇಲೆ ಏನೂ ಕೇಳದೆ ಟಕಟಕ ಒತ್ತುತ್ತ ಹೋದರು. ಬಗ್ಗಿ ನೋಡಿದೆ. ಕಾಯಿಲೆಗಳ ಪ್ರಶ್ನೆಗಳಿಗೆಲ್ಲ ಸಾಲಾಗಿ ‘ಇಲ್ಲ’ ಬೀಳುತ್ತಿತ್ತು.

“ಮಾವ, ಅಲ್ಲಿ ಹೌದು ಅಂತ ಹಾಕ್ಬೇಕು,” ಎಂದೆ.

“ಏನಕ್ಕೆ?”

“ನಂಗೆ ಕ್ಯಾನ್ಸರ್ ಆಗಿತ್ತಲ್ಲ.”

“ಬಿಡ್ತು ಅನ್ನೇ!” ಅಡಿಗೆಮನೆಯಿಂದ ಅಮ್ಮ.

ಮಾವ ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದರು. “ಆಗಿತ್ತು, ಹೋಯ್ತು. ಈಗಿದೆಯಾ? ಇಲ್ಲ ತಾನೇ? ನೋಡು ಮಗೂ, ಹೌದು ಅಂತ ಹಾಕಿದ್ರೆ ಅರ್ಜಿ ಅಲ್ಲಿಗೇ ಗೋತಾ. ಇಲ್ಲ ಅಂತ ಹಾಕಿ, ಮೂರು ವರ್ಷ ಕಣ್ಮುಚ್ಕೊಂಡು ಪ್ರೀಮಿಯಂ ಕಟ್ಟು. ಮೂರು ವರ್ಷ ಆದ್ಮೇಲೆ ಕಂಪನಿಯೋರು ಏನನ್ನೂ ಕೆದಕೋ ಹಾಗಿಲ್ಲ. ಕಾನೂನೇ ಇದೆ.”

“ಮೂರು ವರ್ಷದೊಳಗೆ ನಾನು ಸತ್ರೆ?”

“ಬಿಡ್ತು ಅನ್ನು!” ಈ ಸಲ ಅಕ್ಕ ತಮ್ಮ ಇಬ್ಬರೂ ಒಟ್ಟಿಗೆ.

ನಾನು ಅನ್ನಲಿಲ್ಲ. “ಸತ್ರೆ ಏನಾಗುತ್ತೆ ಹೇಳಿ ಮಾವ. ಆಸ್ಪತ್ರೆ ಕಾಗದ ತೆಗೀತಾರೆ, ಸುಳ್ಳು ಅಂತ ಗೊತ್ತಾಗುತ್ತೆ, ವಿಭಾಗೆ ಮೂರು ಕಾಸೂ ಬರಲ್ಲ. ಅಲ್ವಾ?”

“ಅಯ್ಯೋ, ಅದಕ್ಕೆಲ್ಲ ನಾನಿದೀನಲ್ಲ. ಅವಳು ಮೈನರ್, ದುಡ್ಡು ಬಂದ್ರೆ ಇಸ್ಕೊಳ್ಳೋಕೆ ದೊಡ್ಡೋರು ಒಬ್ರು ಇರ್ಬೇಕು. ನನ್ ಹೆಸರೇ ಹಾಕ್ಬಿಟ್ಟಿದೀನಿ,” ಎಂದು ಮಾವ ಕಾಫಿಗೆ ಕೈ ಚಾಚಿದರು.

ನಾನು ಸತ್ತರೆ ಎಂದು ಬಾಯಲ್ಲಿ ಅನ್ನುವಂತಿಲ್ಲ. ಸತ್ತ ಮೇಲೆ ದುಡ್ಡು ಯಾರ ಕೈಗೆ ಎಂಬುದು ಮಾತ್ರ ನನ್ನ ಕಣ್ಣೆದುರೇ ತೀರ್ಮಾನವಾಗಿತ್ತು. ಆ ತುಪ್ಪದ ಕೈಗೆ. ಇದು ನನಗೆ ಬೇಡ, ಸುಳ್ಳು ಹೇಳಿ ತೆಗೆದುಕೊಂಡದ್ದು ಬೇಕಾದಾಗ ಕೈಗೆ ಬರುವುದಿಲ್ಲ ಎಂದು ಹೇಳಿ ಅವರನ್ನು ಕಳಿಸಿದೆ. ಅಮ್ಮ ಎರಡು ದಿನ ಮುಖ ಊದಿಸಿಕೊಂಡು ಓಡಾಡಿದಳು.

ಆಮೇಲೆ ನಾನು ನನ್ನ ದಾರಿ ಹಿಡಿದೆ. ಆಸ್ಪತ್ರೆಯ ಕಾಗದಗಳನ್ನೆಲ್ಲ ಒಟ್ಟು ಮಾಡಿ, ಆದದ್ದನ್ನು ಆದಂತೆ ಬರೆದು ಒಂದೊಂದೇ ಕಂಪನಿಗೆ ಕಳಿಸತೊಡಗಿದೆ. ಒಬ್ಬರು ಆಗುವುದಿಲ್ಲ ಎಂದರು. ಇನ್ನೊಬ್ಬರು ಕೆಲವು ವರ್ಷ ಬಿಟ್ಟು ಬನ್ನಿ ಎಂದರು. ಅಷ್ಟು ವರ್ಷ ಬದುಕಿರುವುದು ಖಾತ್ರಿ ಇದ್ದರೆ ಇವರ ಬಾಗಿಲಿಗೆ ಯಾಕೆ ಹೋಗುತ್ತಿದ್ದೆ ನಾನು?

ಹೀಗಿರುವಾಗ ಒಂದು ಸಂಜೆ ಆಫೀಸಿನಿಂದ ಬಂದರೆ ಚಕ್ರಪಾಣಿ ಮಾವ ಸೋಫಾದಲ್ಲಿ ಕೂತಿದ್ದಾರೆ. ಟೀಪಾಯಿ ಮೇಲೆ ಮೈಸೂರು ಪಾಕಿನ ಡಬ್ಬ. ಅಮ್ಮನ ಮುಖದಲ್ಲಿ ಹಬ್ಬದ ಕಳೆ. ವಿಭಾ ಸ್ಕೂಲ್ ಯೂನಿಫಾರಂ ಕೂಡ ಬದಲಾಯಿಸದೆ ಗೋಡೆಗೆ ಒರಗಿ ನಿಂತಿದ್ದಳು.

“ಬಾ ಬಾ, ಬಾಯಿ ಸಿಹಿ ಮಾಡ್ಕೋ. ನಿನ್ನ ಪಾಲಿಸಿ ಆಯ್ತು!” ಎಂದರು ಮಾವ.

“ಯಾವ ಪಾಲಿಸಿ?”

“ಅದೇ, ಅವತ್ತು ತುಂಬಿಸಿದ್ನಲ್ಲ. ಮೊದಲನೇ ಕಂತು ನಿಮ್ಮಮ್ಮನೇ ಕಟ್ಟಿದ್ದಾಳೆ ಪಾಪ, ಪೆನ್ಷನ್ ದುಡ್ಡಲ್ಲಿ.”

“ನಾನು ಬೇಡ ಅಂದಿದ್ದೆ. ಕಂಪನಿಯೋರು ಫೋನ್ ಮಾಡಿ ನನ್ನನ್ನ ವಿಚಾರಿಸ್ಬೇಕಲ್ವಾ? ನಂಗೆ ಯಾವ ಫೋನೂ ಬಂದಿಲ್ಲ.”

“ನಿಮ್ಮಮ್ಮನ ನಂಬರ್ ಕೊಟ್ಟಿದ್ದೆ. ಅವಳ ದನೀಲಿ ‘ನಂಗೆ ನಲವತ್ತೆರಡು ವರ್ಷ’ ಅಂದ್ರೆ ಯಾರು ನಂಬ್ತಾರೆ? ಅದಕ್ಕೆ ವಿಭಾ ಕೈಲಿ ಮಾತಾಡಿಸ್ದೆ. ದನಿ ಥೇಟ್ ನಿಂದೇ ಕಣೆ. ಸಖತ್ ಚೂಟಿ ನಿನ್ನ ಮಗಳು, ನಾನು ಪಕ್ಕದಲ್ಲೇ ಕೂತ್ಕೊಂಡು ತಲೆ ಅಲ್ಲಾಡಿಸ್ತಿದ್ದೆ, ಹಾಗೇ ಹೇಳ್ಕೊಂಡು ಹೋದ್ಲು. ‘ನನಗೆ ಯಾವ ಕಾಯಿಲೆನೂ ಇಲ್ಲ, ಯಾವ ಆಪರೇಷನ್ನೂ ಆಗಿಲ್ಲ’ ಅಂತ.”

ನಾನು ವಿಭಾಳನ್ನು ನೋಡಿದೆ. ಅವಳು ನೆಲ ನೋಡುತ್ತಿದ್ದಳು.

“ಚಕ್ರಪಾಣಿ ತಾತ ಹೇಳಿದ್ರು, ಮೂರು ವರ್ಷ ಅಷ್ಟೇ ಅಂತೆ ಅಮ್ಮ,” ಎಂದಳು ಸಣ್ಣ ದನಿಯಲ್ಲಿ. “ಮೂರು ವರ್ಷ ನೀನು ಹೇಗಾದ್ರೂ ಇದ್ಬಿಟ್ರೆ ಮನೆ ಉಳಿಯುತ್ತಂತೆ.”

ಕೀಮೋ ದಿನಗಳಲ್ಲೂ ನನಗೆ ಅಷ್ಟು ಹೇಸಿಗೆ ಆಗಿರಲಿಲ್ಲ. ಆಗ ಕೊಳೆತದ್ದು ಎಲ್ಲಿದೆ ಎಂದು ಡಾಕ್ಟರು ತೋರಿಸಿದ್ದರು, ಕತ್ತರಿಸಿ ತೆಗೆದಿದ್ದರು. ಈಗ ನನ್ನ ಕೂಸಿನ ಬಾಯಿಗೆ ಸುಳ್ಳು ತುರುಕಿ, ಅವಳಿಗೆ ತನ್ನ ತಾಯಿಯ ಆಯುಸ್ಸಿಗೊಂದು ಗಡುವು ಹೇಳಿಕೊಟ್ಟು, ಈ ಇಬ್ಬರು ಹಿರಿಯರು ಮೈಸೂರು ಪಾಕು ತಿನ್ನುತ್ತ ಕೂತಿದ್ದರು. ಅಮ್ಮನೂ! ನನಗೆ ಕೀಮೋ ಆಗಿ ಬಂದ ರಾತ್ರಿಗಳಲ್ಲಿ ಬಕೆಟ್ ಹಿಡಿದು ನಿಂತಿದ್ದ ನನ್ನ ಅಮ್ಮ.

ಡಬ್ಬದ ಮೇಲೆ ಇದ್ದ ಪಾಲಿಸಿಯ ಕವರ್ ತೆಗೆದು, ಅದರಲ್ಲಿದ್ದ ನಂಬರಿಗೆ ಅಲ್ಲೇ ಎಲ್ಲರ ಮುಂದೆ ಫೋನ್ ಮಾಡಿದೆ. ಸ್ಪೀಕರ್ ಹಾಕಿದೆ.

“ಈ ಪಾಲಿಸಿ ನಂಗೆ ಬೇಡ, ಕ್ಯಾನ್ಸಲ್ ಮಾಡಿ,” ಎಂದೆ.

“ಕಾರಣ ತಿಳ್ಕೋಬಹುದಾ ಮೇಡಂ?”

“ನಿಮ್ಮ ಜೊತೆ ಮಾತಾಡಿದ್ದು ನಾನಲ್ಲ. ನಂಗೆ ಕ್ಯಾನ್ಸರ್ ಆಗಿತ್ತು. ಆಗಿಲ್ಲ ಅಂತ ಚಿಕ್ಕ ಹುಡುಗಿ ಕೈಲಿ ಹೇಳಿಸಿದ್ದು ನಿಮ್ಮ ಏಜೆಂಟು. ಹೆಸರು ಬೇಕಾ? ಚಕ್ರಪಾಣಿ. ನನ್ನ ಸ್ವಂತ ಸೋದರಮಾವ.”

ಆ ಕಡೆಯವರು ಎಲ್ಲ ಬರೆದುಕೊಂಡು, ಪಾಲಿಸಿ ರದ್ದು ಮಾಡುತ್ತೇವೆ ಎಂದರು. ಈ ಕಡೆ ಮಾವನ ಮುಖ ಬಿಳಿಚಿತು. ಫೋನ್ ಇಟ್ಟ ಮೇಲೆ ಎದ್ದು ನಿಂತು, “ನಿಂಗೋಸ್ಕರ ಮಾಡಿದೆ ಕಣೆ. ನನ್ನ ಕಮಿಷನ್ ವಾಪಸ್ ಹೋಗುತ್ತೆ, ಲೈಸೆನ್ಸೂ ಹೋಗುತ್ತೆ, ಗೊತ್ತಾ?” ಎಂದರು.

ನನಗೋಸ್ಕರ ಎಂಬುದೂ ಕಮಿಷನ್ ಎಂಬುದೂ ಒಂದೇ ಉಸಿರಿನಲ್ಲಿ ಬಂತು. ಅವರಿಗೆ ಅದು ಕೇಳಿಸಿದಂತೆಯೂ ಕಾಣಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಅಮ್ಮ ಅಳುತ್ತ ಕೂತಳು. “ನಾನಿನ್ನೇನು ಮಾಡ್ಲಿ ಹೇಳು? ಆ ಹೆಸರು ಹೇಳಿದ್ರೆ ಮತ್ತೆ ಬರುತ್ತೇನೋ ಅಂತ ಭಯ ಕಣೆ ನಂಗೆ,” ಎಂದಳು. ಅವಳಿಗೆ ನೀರು ತಂದುಕೊಟ್ಟೆ.

ಅದಾಗಿ ಎರಡು ತಿಂಗಳ ಮೇಲೆ, ನಾನು ನಿಜ ಬರೆದು ಕಳಿಸಿದ್ದ ಒಂದು ಕಂಪನಿಯಿಂದ ಒಪ್ಪಿಗೆ ಬಂತು. ಡಾಕ್ಟರಿಂದ ಇನ್ನಷ್ಟು ಕಾಗದ ತರಿಸಿಕೊಂಡರು, ಹೊಸದಾಗಿ ಪರೀಕ್ಷೆ ಮಾಡಿಸಿದರು, ಫೋನಿನಲ್ಲಿ ಬಹಳ ಹೊತ್ತು ಪ್ರಶ್ನೆ ಕೇಳಿದರು. ಕೊನೆಗೆ ಕೊಟ್ಟದ್ದು ಇಷ್ಟು: ಉಳಿದಿರುವ ಸಾಲದ ಅರ್ಧಕ್ಕೆ ಮಾತ್ರ ವಿಮೆ. ಅದಕ್ಕೂ ಕಾಯಿಲೆ ಕಾಣದ ಹೆಂಗಸು ಕಟ್ಟುವ ದುಡ್ಡಿನ ಎರಡರಷ್ಟು. ಸುಲಿಗೆ ಎಂದೇ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಆದರೆ ಆಫೀಸಿಗೆ ಆಟೋ ಬಿಟ್ಟು ಬಸ್ಸಿನಲ್ಲಿ ಹೋದರೆ ಕಟ್ಟಬಹುದಿತ್ತು. ಒಪ್ಪಿಕೊಂಡೆ.

ಅವತ್ತು ಸಂಜೆ ವಿಭಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಹೇಳಿದೆ. ನಾನು ನಾಳೆ ಸತ್ತರೂ ಅರ್ಧ ಸಾಲ ತೀರುತ್ತದೆ, ಇನ್ನರ್ಧಕ್ಕೆ ಮನೆ ಬಾಡಿಗೆಗೆ ಕೊಟ್ಟು ಅಜ್ಜಿಯ ಜೊತೆ ಚಿಕ್ಕ ಮನೆಯಲ್ಲಿದ್ದರೆ ಹೇಗೋ ಆಗುತ್ತದೆ, ಮನೆ ಹೋಗುವುದಿಲ್ಲ ಎಂದೆ. ಅಮ್ಮ ಒಳಗಿನಿಂದ ಕೇಳಿಸಿಕೊಂಡಳೋ ಏನೋ, ಕೂಗಲಿಲ್ಲ.

“ನಿಂಗೆ ಯಾಕೆ ಡಬಲ್ ದುಡ್ಡು?” ಎಂದಳು ವಿಭಾ.

“ಮತ್ತೆ ಬರಬಹುದು ಅಂತ ಅವ್ರಿಗೆ ಅನುಮಾನ.”

ಅವಳು ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು. ಆಮೇಲೆ, “ಅಮ್ಮ, ಅವತ್ತು ಫೋನಲ್ಲಿ ನಾನೊಂದು ತಪ್ಪು ಮಾಡ್ದೆ. ತಾತಂಗೂ ಹೇಳಿಲ್ಲ,” ಎಂದಳು.

“ಏನು?”

“ಅವ್ರು ‘ನಿಮ್ಮ ತಾಯಿಗೆ ಕ್ಯಾನ್ಸರ್ ಇತ್ತಾ’ ಅಂತ ಕೇಳಿದ್ರು. ತಾತ ಆಗ ಬಾಲ್ಕನಿಗೆ ಹೋಗಿದ್ರು. ನಾನು ನೀನಾಗಿ ಮಾತಾಡ್ತಿದೀನಿ ಅನ್ನೋದು ಮರ್ತೇಹೋಯ್ತು. ಹೌದು ಅಂದ್ಬಿಟ್ಟೆ.”

ನನಗೆ ನಗು ಬಂತು. ಆ ಹೊಲಸು ಕರೆಯಲ್ಲೆಲ್ಲ ಒಂದೇ ಒಂದು ನಿಜ, ಅದೂ ಬಾಯಿ ತಪ್ಪಿ. ನಗುತ್ತ ಅವಳ ಮುಖ ನೋಡಿದರೆ ಅವಳು ನಗುತ್ತಿರಲಿಲ್ಲ.

“ಅದನ್ಯಾಕೆ ಕೇಳ್ತಾರೆ ಅಮ್ಮ? ತಾಯಿಗೆ ಬಂದಿದ್ರೆ ಮಗಳಿಗೂ ಬರುತ್ತಾ?”

ಎರಡು ತಿಂಗಳಿಂದ ಈ ಪ್ರಶ್ನೆಯನ್ನು ಒಬ್ಬಳೇ ಹೊತ್ತುಕೊಂಡು ಸ್ಕೂಲಿಗೆ ಹೋಗಿ ಬರುತ್ತಿದ್ದಳು ನನ್ನ ಮಗಳು. ಇಲ್ಲ ಎನ್ನುವುದಕ್ಕೆ ಬಾಯಿ ತೆರೆದೆ. ಆ ಒಂದು ಶಬ್ದ ಎಷ್ಟು ಸುಲಭವಾಗಿ ನಾಲಿಗೆಗೆ ಬಂದಿತ್ತೆಂದರೆ ನನಗೆ ನನ್ನ ಮೇಲೇ ಹೇಸಿಗೆಯಾಯಿತು.

“ಬರಬಹುದು ಪುಟ್ಟಾ,” ಎಂದೆ. “ಬರದೇನೂ ಇರಬಹುದು. ನಂಗೂ ಸರಿಯಾಗಿ ಗೊತ್ತಿಲ್ಲ. ಈ ಸಲ ನಾನು ಡಾಕ್ಟರ ಹತ್ರ ಹೋಗುವಾಗ ನೀನೂ ಬಾ, ಕೇಳೋಣ.”

“ನಾನೇ ಕೇಳ್ಬಹುದಾ?”

“ನೀನೇ ಕೇಳು,” ಎಂದೆ.