ಮೊಲ ಇಡುವುದು

ಪೆನ್ನು ಒಣಗಿದೆ, ಬೋರ್ಡಿನ ಮೇಲೆ ಮೊಲದ ಒಂದು ಕಿವಿ ಕಪ್ಪಗೆ, ಇನ್ನೊಂದು ಮಾಸಲು, ಇರಲಿ, ಕೆಳಗೆ ಫ್ರೆಂಚ್ ಮಾತನ್ನು ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ, ಪೊಜೆ ಅಂ ಲಪ್ಯಾಂ, ಮೊಲ ಇಡುವುದು, ಅಂದರೆ ಬರುತ್ತೇನೆಂದು ಹೇಳಿ ಬಾರದೆ ಇರುವುದು, ನಾವು ಕೈ ಕೊಡೋದು ಅಂತೀವಲ್ಲ, ಅದೇ — ಹಡಗಿನಲ್ಲಿ ಕೆಲಸ ಹುಡುಕುತ್ತಿರುವ ಅಡುಗೆಯವರೊಬ್ಬರು ಕೇಳುತ್ತಾರೆ, ಅಲ್ಲ ಮೇಡಂ, ಕೈ ಕೊಟ್ರೆ ಬಿದ್ದವನು ಏಳ್ಬೇಕು ತಾನೆ, ನಮ್ಮಲ್ಲಿ ಕೈ ಕೊಟ್ರೆ ಬೀಳೋದು ಹೇಗೆ, ಎಲ್ಲರೂ ನಗುತ್ತಾರೆ, ಕೊನೆಯ ಸಾಲಿನಲ್ಲಿ ಅಕ್ಕನೂ ನಗುತ್ತಾಳೆ, ಬಾಯಿಗೆ ಅಂಗೈ ಅಡ್ಡ ಹಿಡಿದು, ಥೇಟ್ ಅಮ್ಮನ ಹಾಗೆ. ಅವಳು ನನ್ನ ಒಡಹುಟ್ಟಿದ ಅಕ್ಕ ಎಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಎಷ್ಟೋ ವರ್ಷ ಮಾತು ಬಿಟ್ಟಿದ್ದವಳು ಕಳೆದ ತಿಂಗಳು ಬಾಗಿಲಲ್ಲಿ ನಿಂತು ಆಡಿದ ಮೊದಲ ಮಾತು, ಮೇಡಂ, ಇಲ್ಲಿ ಕೂತ್ಕೋಬಹುದಾ, ನಾನೂ ಕೂತ್ಕೊಳ್ಳಿ ಅಂದೆ, ಅಷ್ಟೇ. ಅವಳ ಮೊಮ್ಮಗಳು ಪರದೇಶದಲ್ಲಿ ಹುಟ್ಟಿದವಳಂತೆ, ಫೋನಿನಲ್ಲಿ ಏನೋ ಹೇಳಿ ಕಿಲಕಿಲ ನಗುತ್ತಾಳಂತೆ, ಪುಸ್ತಕದ ಫ್ರೆಂಚ್ ಬೇಡ, ಮನೆಮಂದಿ ಆಡೋ ಮಾತು ಹೇಳ್ಕೊಡಿ, ಎಂದು ಎಲ್ಲರಿಗೂ ಹೇಳಿದಳು, ನನ್ನನ್ನು ಬಿಟ್ಟು ಗೋಡೆಯನ್ನು ನೋಡುತ್ತ. ಊರಲ್ಲಿ ಈ ಭಾಷೆ ಕಲಿಸುವವಳು ನಾನೊಬ್ಬಳೇ, ಇನ್ನೊಬ್ಬರಿದ್ದಿದ್ದರೆ ಅಲ್ಲಿಗೇ ಹೋಗುತ್ತಿದ್ದಳೇನೋ.

ಈಗ ಇಬ್ಬಿಬ್ಬರು ಎದುರುಬದುರು, ಒಬ್ಬರು ಆರೋಪ, ಒಬ್ಬರು ಉತ್ತರ, ಆಡುಮಾತಿನಲ್ಲಿ ನೀವು ಇಲ್ಲ, ತ್ಯು, ನೀನು, ಬಿಸಿ ಹಾಲು ಊದುವ ಹಾಗೆ ತುಟಿ ಮಾಡಿ ಒಳಗೆ ಈಕಾರ ಹೇಳಿ — ಅಕ್ಕನಿಗೆ ಜೋಡಿಯಾಗಿ ಕೂರುವ ನರ್ಸ್ ಇವತ್ತು ಬಂದಿಲ್ಲ, ಮೊಲ ಇಟ್ರು ಮೇಡಂ, ಎನ್ನುತ್ತಾರೆ ಅಡುಗೆಯವರು, ಭಲೇ, ಕಲಿತುಬಿಟ್ಟರು, ಹಾಗಾದರೆ ನಾನೇ ಕೂರಬೇಕು, ಕುರ್ಚಿ ಎಳೆದು ಕೂರುತ್ತೇನೆ, ಅಕ್ಕನ ಕಿವಿಯ ಹಿಂದೆ ಬಣ್ಣ ಹತ್ತದ ಬಿಳಿ ಕೂದಲು, ನನಗೂ ಅಲ್ಲೇ. ನನ್ನ ಸಾಲು ನಾನು ಹೇಳಬೇಕು, ತ್ಯು ಮಾ ಪೊಜೆ ಅಂ ಲಪ್ಯಾಂ, ನೀನು ನನಗೆ ಮೊಲ ಇಟ್ಟೆ, ಹೇಳಿದೆ, ಪಾಠದ ದನಿಯಲ್ಲೇ. ನಾನು ಗಂಡನ ಮನೆ ಬಿಟ್ಟ ದಿನ ಬಸ್ ನಿಲ್ದಾಣದ ಕಲ್ಲುಬೆಂಚು, ಎರಡು ಚೀಲ, ಬರ್ತೀನಿ ಕಣೇ, ನಮ್ಮನೆಗೇ ಹೋಗೋಣ ಎಂದು ಹಿಂದಿನ ದಿನ ಫೋನಿನಲ್ಲಿ ಅಂದವಳು ಅಕ್ಕ, ಕಾದೆ, ಬೀದಿದೀಪ ಹತ್ತುವವರೆಗೆ ಕಾದೆ, ಆಮೇಲೆ ಯಾವುದೋ ಬಸ್ಸು ಹತ್ತಿದೆ, ಈಗ ಅದನ್ನೆಲ್ಲ ಬೇರೆಯವರ ಮನೆಯ ಸುದ್ದಿಯಂತೆ ನೆನೆಯಬಲ್ಲೆ. ಅವಳ ಉತ್ತರ ಬೋರ್ಡಿನ ಮೇಲಿದೆ, ಲೆಸ್ ತೊಂಬೆ, ಬಿಟ್ಟುಬಿಡು, ಎರಡೇ ಪದ, ಓದಿದರೆ ಸಾಕು.

ಓದಲಿಲ್ಲ. ಬಂದಿದ್ದೆ ಕಣೇ, ಅಂದಳು, ಕನ್ನಡದಲ್ಲಿ, ಮೆಲ್ಲಗೆ, ಅವಳನ್ನ ಕರ್ಕೊಂಡು ಬಂದ್ರೆ ನೀನೂ ಮನೆಗೆ ಬರ್ಬೇಡ ಅಂದ್ರು ನಿನ್ನ ಭಾವ, ಆದ್ರೂ ಬಂದೆ, ನಿನಗೇಂತ ಫ್ಲಾಸ್ಕಲ್ಲಿ ಕಾಫಿ ತಂದಿದ್ದೆ, ರಸ್ತೆ ಆಚೆ ನಿಂತಿದ್ದೆ, ದಾಟೋಕಾಗ್ಲಿಲ್ಲ, ನೀನು ಬಸ್ ಹತ್ತೋದನ್ನ ನೋಡ್ದೆ. ಸುತ್ತ ಎಲ್ಲ ಜೋಡಿಗಳೂ ಜೋರಾಗಿ ಮೊಲ ಇಡುತ್ತಿವೆ, ಅಡುಗೆಯವರು ತಿರುಗಿ ಕೇಳುತ್ತಾರೆ, ಮೇಡಂ, ಅಲ್ಲಿ ಏನೋ ಬೇರೆ ಉತ್ತರ ಬಂತಲ್ಲ, ಬರ್ಕೊಳ್ಳೋದಾ, ಬೇಡ, ಅದು ಮುಂದಿನ ಪಾಠ, ಅನ್ನುತ್ತೇನೆ, ದನಿ ಸರಿಯಾಗೇ ಇದೆ — ರಸ್ತೆ ಆಚೆ, ಕೈಯಲ್ಲಿ ಫ್ಲಾಸ್ಕು — ಆ ಕಡೆ ನಾನು ನೋಡಲೇ ಇಲ್ಲವೇ, ಬಸ್ಸು ಬರುವ ದಿಕ್ಕಿಗೇ ಕಣ್ಣು ನೆಟ್ಟಿದ್ದೆ, ಅವಳು ಬಸ್ಸಿನಲ್ಲೇ ಬರುತ್ತಾಳೆ ಎಂದು, ಭಾವ ತೀರಿಕೊಂಡು ಎರಡು ವರ್ಷವಾಯಿತು, ಸುದ್ದಿ ಬಂದಾಗಲೂ ನಾನು ಹೋಗಲಿಲ್ಲ, ಅಕ್ಕ ಕಾಯುತ್ತಿದ್ದಾಳೆ, ಏನಾದರೂ ಹೇಳಬೇಕು, ಮೇಡಂಗೆ ಗೊತ್ತಿರುವುದೊಂದೇ, ತ್ಯು ಹೇಳು, ಅನ್ನುತ್ತೇನೆ, ಹೇಳಿ ಅಲ್ಲ, ಹೇಳು, ತುಟಿ ಇನ್ನೂ ಮುಂದೆ ತಗೋ ಅಕ್ಕ, ಅವಳು ತುಟಿ ದುಂಡಗೆ ಮಾಡುತ್ತಾಳೆ, ಕಣ್ಣು ತುಂಬಿದೆ, ಸರಿ ಬಂತು, ಇನ್ನೊಮ್ಮೆ ಹೇಳು — ರಸ್ತೆ ಆಚೆ ಅಕ್ಕ, ನಡುವೆ ಒಂದು ಬಸ್ಸು ಹಾಯುತ್ತದೆ, ಹೋದ ಮೇಲೂ ಅಲ್ಲೇ, ಇನ್ನೊಂದು ಹಾಯುತ್ತದೆ, ಅಲ್ಲೇ, ಎರಡೂ ಕೈಯಲ್ಲಿ ಎದೆಗವಚಿಕೊಂಡ ಫ್ಲಾಸ್ಕು